ಒಲೆ ಏರಿದ ಆನೆ

ಮೊನ್ನೆ ಬುಧವಾರ ಪಕ್ಕದ ಮನೆ ಪುಟ್ಟತಾಯಕ್ಕ ನಮ್ಮ ಆನೆಯನ್ನು ಒಲೆಯ ಮೇಲಿಟ್ಟು ಪಾಯಸ ಕಾಯಿಸಿದಳು.

ಸುಳ್ಳಲ್ಲ. ಕಣ್ಣಾರೆ ನೋಡಿದ್ದೇನೆ. ಪಾಯಸವನ್ನು ಬಾಯಾರೆ ಕುಡಿದಿದ್ದೇನೆ.

(ಈಯಮ್ಮನಿಗೆ ಬಿಸಿಲು ನೆತ್ತಿಗೇರಿತು ಅಂದುಕೊಳ್ಳಬೇಡಿ. ಆ ವಾರವೆಲ್ಲ ನಮ್ಮ ದೇವನಹಳ್ಳಿಯಲ್ಲಿ ಬಿಸಿಲೇ ಬಿದ್ದಿರಲಿಲ್ಲ. ಫಜೀತಿಗೆಲ್ಲ ಮೂಲ ಅದೇ.)

ಮೊದಲಿಂದ ಹೇಳಿಬಿಡುತ್ತೇನೆ.

ನಮ್ಮ ಕಮಲಿ ನಿಮಗೆ ಗೊತ್ತಲ್ಲ, ನನ್ನ ಮಗಳು. ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಮೂರನೇ ಕ್ಲಾಸು. ಮುಂದಿನ ಹಲ್ಲುಗಳು ಬಿದ್ದು, ಆಡಿದ ಮಾತಿನಲ್ಲಿ ಅರ್ಧ ಬರೀ ಗಾಳಿ. ಸ್ಕೂಲಿನ ವಾರ್ಷಿಕೋತ್ಸವಕ್ಕೆ ಡ್ರಾಮಾ ಗೊತ್ತಾಯಿತು. ಕಥೆ ನಿಮ್ಮ ಅಜ್ಜಿಯೂ ಹೇಳಿರುತ್ತಾರೆ. ಒಂದೂರಲ್ಲಿ ರಾಜ ತೀರಿಕೊಳ್ಳುತ್ತಾನೆ, ಮಕ್ಕಳಿಲ್ಲ. ಪಟ್ಟದಾನೆಯ ಸೊಂಡಿಲಿಗೆ ಹೂವಿನ ಹಾರ ಕೊಟ್ಟು ಬೀದಿಗೆ ಬಿಡುತ್ತಾರೆ. ಅದು ಯಾರ ಕೊರಳಿಗೆ ಹಾರ ಹಾಕುತ್ತೋ ಅವರೇ ಮುಂದಿನ ರಾಜ.

ರಾಜನ ಪಾರ್ಟು ತನಗೆ, ರಾಣಿಯ ಪಾರ್ಟು ತನಗೆ ಅಂತ ಹುಡುಗಿಯರಲ್ಲಿ ಜಡೆ ಹಿಡಿದು ಎಳೆದಾಟವೇ ನಡೆಯಿತಂತೆ. ನಮ್ಮವಳು ಮಾತ್ರ ಕೈಯೆತ್ತಿ ಆನೆಯ ಪಾರ್ಟು ಕೇಳಿಕೊಂಡು ಬಂದಿದ್ದಳು.

"ಆನೆಗೆ ಒಂದು ಮಾತೂ ಇಲ್ಲವಲ್ಲೇ" ಅಂದೆ.

"ಇಲ್ದಿದ್ರೆ ಏನಮ್ಮ? ರಾಜ ಯಾರು ಅಂತ ಹೇಳೋದು ಆನೆ ತಾನೇ?"

ಸರಿ ಬಿಡಿ. ಆದರೆ ಹೆಡ್‌ಮಿಸ್ಟ್ರೆಸ್ಸಮ್ಮ ಒಂದು ಷರತ್ತು ಹಾಕಿದ್ದರು. ಆನೆಯ ತಲೆ ಮನೆಯಿಂದಲೇ ಮಾಡಿಸಿಕೊಂಡು ಬರಬೇಕು. ಬುಧವಾರ ಸಾಯಂಕಾಲ ಪರದೆ ಏಳುವುದರೊಳಗೆ ತಲೆ ಬರಲಿಲ್ಲವೋ, ಆನೆಯ ಪಾರ್ಟು ಬೇರೆಯವರಿಗೆ. ಕಮಲಿ ಮರ.

ಮರ ಅಂದರೆ ಗೊತ್ತಲ್ಲ? ಬೇವಿನ ಸೊಪ್ಪು ಹಿಡಿದು ಹಿಂದುಗಡೆ ನಿಲ್ಲೋದು. ಹೋದ ವರ್ಷವೂ ಇವಳು ಮರವೇ. ಸೊಪ್ಪಿನಲ್ಲಿದ್ದ ಇರುವೆ ಕಚ್ಚಿ ಅಲ್ಲಾಡಿಬಿಟ್ಟಳು ಅಂತ ಎಲ್ಲರೆದುರು ಬೈಸಿಕೊಂಡಿದ್ದಳು. ಅವತ್ತಿನಿಂದ ನಮ್ಮ ಹಿತ್ತಲ ಬೇವಿನ ಮರದ ಕಡೆ ಆ ಹುಡುಗಿ ತಿರುಗಿ ನೋಡಿಲ್ಲ.

"ಅಮ್ಮ, ತಲೆ ಆಗುತ್ತೆ ತಾನೇ?" ಅಂತ ದಿನಾ ಕೇಳೋಳು. ಎದ್ದ ಕೂಡಲೇ ಒಂದು ಸಲ, ಉಣ್ಣುವಾಗ ಒಂದು ಸಲ.

ಆಗದೆ ಏನು? ಹಳೇ ಕಾಗದ ನೆನೆಸಿ, ಮೆಂತ್ಯ ಸೇರಿಸಿ ರುಬ್ಬಿ, ಪಾತ್ರೆಯ ಬೆನ್ನಿಗೆ ಮೆತ್ತಿ ಬುಟ್ಟಿ ಮಾಡೋದನ್ನು ನಮ್ಮಜ್ಜಿ ನನಗೆ ಲಂಗ ಹಾಕೋ ವಯಸ್ಸಿನಲ್ಲೇ ಕಲಿಸಿದ್ದರು. ಬುಟ್ಟಿ ಬರುವ ಕೈಗೆ ಆನೆ ಬರಲ್ಲವೇ? ಆನೆಯ ತಲೆ ಅಂದರೆ ಏನು, ಬೋರಲು ಹಾಕಿದ ಬುಟ್ಟಿ. ಎರಡು ಕಿವಿ, ಒಂದು ಸೊಂಡಿಲು. ಮುಗೀತು.

ಕಾಗದ ಎಲ್ಲಿಂದ ತರೋದು? ಯುದ್ಧದ ಕಾಲ. ಪೊಟ್ಟಣ ಕಟ್ಟಲೂ ಕಾಗದವಿಲ್ಲದೆ ಶೆಟ್ಟರ ಅಂಗಡಿಯಲ್ಲಿ ಸೆರಗಿಗೇ ಸಕ್ಕರೆ ಸುರಿಯುತ್ತಿದ್ದಾರೆ. ಮನೆಯಲ್ಲಿ ಇದ್ದದ್ದು ಒಂದೇ ರಾಶಿ: ಈ ವಾರಪತ್ರಿಕೆಯ ಹಳೇ ಸಂಚಿಕೆಗಳು.

(ಸಂಪಾದಕರೇ, ಇಲ್ಲಿಂದ ಮುಂದಿನ ಪ್ಯಾರಾ ನೀವು ಓದಬೇಡಿ.)

ಮೂರು ದಿನ ಬಾನಿಯಲ್ಲಿ ನೆನೆಹಾಕಿದೆ. ನನ್ನ ಅಂಕಣ ಇದ್ದ ಪುಟಗಳು ಮಾತ್ರ ಕರಗಲೊಲ್ಲವು. ನಮ್ಮ ಮನೆಯವರು ಕಚೇರಿಯಿಂದ ಬಂದವರು ಬಗ್ಗಿ ನೋಡಿ, "ನಿನ್ನ ಬರಹ ಅರಗೋದು ಕಷ್ಟ ಅಂತ ನಾನು ಹೇಳ್ತಾನೇ ಇದ್ದೆನಲ್ಲ" ಅಂದರು. ಆ ಸಿಟ್ಟಿನಲ್ಲೇ ಒರಳಿಗೆ ಹಾಕಿ ರುಬ್ಬಿದೆ ನೋಡಿ, ಬೆಣ್ಣೆಯ ಹಾಗೆ ಬಂತು.

ಮುಂದೆ ಬೇಕಾದದ್ದು ಆನೆಯ ನೆತ್ತಿಯ ಆಕಾರದ ಪಾತ್ರೆ. ನಮ್ಮನೆಯವೆಲ್ಲ ಚಪ್ಪಟೆ ತಳದವು. ಅದರ ಮೇಲೆ ಮೆತ್ತಿದರೆ ಆನೆಯಲ್ಲ, ಎಮ್ಮೆಯೂ ಆಗೋದಿಲ್ಲ. ಪುಟ್ಟತಾಯಕ್ಕನ ಹಿತ್ತಾಳೆ ತಪ್ಪಲೆ ಜ್ಞಾಪಕಕ್ಕೆ ಬಂತು. ಗುಂಡಗೆ, ತುಂಬುಗಲ್ಲದ ಹಾಗೆ. ಕುಂದಾಣದ ತವರಿಂದ ಅವಳ ಜೊತೆಗೇ ಬಂದ ತಪ್ಪಲೆ. ಹಬ್ಬಕ್ಕೆ, ಮದುವೆಗೆ, ಬಾಣಂತನಕ್ಕೆ, ಆ ಮನೆಯಲ್ಲಿ ಪಾಯಸ ಅಂತ ಆದರೆ ಅದರಲ್ಲೇ ಆಗಬೇಕು.

"ತಗೊಂಡೋಗವ್ವ" ಅಂದಳು. "ಬುಧವಾರ ಬೆಳಗ್ಗೆ ಮಾತ್ರ ಬೇಕೇಬೇಕು ಕಣವ್ವ ಜಯಾ. ಗೌರಿ ಸೀಮಂತ. ಸಮೇತನಹಳ್ಳಿಯಿಂದ ಬೀಗರು ಬತ್ತಾರೆ."

"ಮಂಗಳವಾರ ಸಾಯಂಕಾಲವೇ ತಂದುಕೊಡ್ತೀನಿ ಅಕ್ಕಾ."

ಯಾತಕ್ಕೆ ಬೇಕು ಅಂತ ಅವಳು ಕೇಳಲಿಲ್ಲ. ನಾನೂ ಹೇಳಲಿಲ್ಲ. ಪಾತ್ರೆ ಇಸಕೊಳ್ಳೋರು ಕಾರಣ ಹೇಳೋ ಪದ್ಧತಿ ನಮ್ಮ ಬೀದಿಯಲ್ಲಿಲ್ಲ.

ತಪ್ಪಲೆಯನ್ನು ಬೋರಲು ಹಾಕಿ, ಹೊಟ್ಟೆಯವರೆಗೂ ಮಂದವಾಗಿ ಮೆತ್ತಿದೆ. ಕಿವಿ ಎರಡನ್ನೂ ಮೊರದ ಮೇಲೆ ತಟ್ಟಿದೆ. ಸೊಂಡಿಲು? ಒಲೆ ಊದುವ ಕಬ್ಬಿಣದ ಊದುಗೊಳವೆ ಕಣ್ಣಿಗೆ ಬಿತ್ತು. ಅದರ ಸುತ್ತ ಸುತ್ತಿದೆ. ಅದೆಷ್ಟು ಚೆನ್ನಾಗಿ ಬಂತು ಅಂದರೆ, ನಮ್ಮತ್ತೆ ಎರಡು ದಿನ ಒಲೆಯ ಮುಂದೆ ಮಂಡಿಯೂರಿ ಬಾಯಲ್ಲೇ ಊದಿ, ಕೆಂಡಕ್ಕಿಂತ ಕೆಂಪಗೆ ಕಣ್ಣು ಮಾಡಿಕೊಂಡು, "ನಿಮ್ಮ ಆನೆ ಹಾಳಾಗ!" ಅಂತ ಹರಸಿದರು.

ಮಂಗಳವಾರ ಮೋಡ. ಬುಧವಾರ ಬೆಳಗ್ಗೆ ಇನ್ನೂ ಮೋಡ. ಆನೆಯ ತಲೆಗೆ ಬೆರಳಿಟ್ಟರೆ ಬೆರಳು ಒಳಕ್ಕೆ ಹೋಗುತ್ತೆ!

ಈಗ ಏನು ಮಾಡೋದು? ಹಿತ್ತಲ ಜಗಲಿಯ ಮೇಲೆ ಗಾಳಿಗೆ ಇಟ್ಟೆ. ಮಧ್ಯಾಹ್ನದೊಳಗೆ ಒಣಗಿದರೆ ಬಿಡಿಸಿ, ತಪ್ಪಲೆ ಬೆಳಗಿ ಕೊಟ್ಟುಬಿಡೋಣ. ಪುಟ್ಟತಾಯಕ್ಕನಿಗೆ ಹೋಗಿ ಒಂದು ಮಾತು ಹೇಳೋಣ ಅಂದುಕೊಂಡೆ. ಆದರೆ ಅವತ್ತೇ ಸೀಮೆಎಣ್ಣೆ ರೇಷನ್ನು. ಕ್ಯೂ ತಪ್ಪಿದರೆ ತಿಂಗಳೆಲ್ಲ ಕತ್ತಲು. ಮೇಲಾಗಿ ಆನೆಗೆ ಬಳಿಯಲು ಕರಿ ಬಣ್ಣ ಬೇರೆ ತರಬೇಕಿತ್ತು. ಬಂದ ಮೇಲೆ ಹೇಳಿದರಾಯಿತು ಅಂತ ಡಬ್ಬ ಹಿಡಿದು ಹೊರಟೆ.

ಈ 'ಬಂದ ಮೇಲೆ ಹೇಳಿದರಾಯಿತು' ಅನ್ನೋ ಮಾತನ್ನು ಯಾರು ಕಂಡುಹಿಡಿದರೋ, ಅವರ ಮನೆ ಒಲೆ ಮೇಲೂ ಒಂದು ಆನೆ ಕೂರಲಿ.

ಸೀಮೆಎಣ್ಣೆಯ ಕ್ಯೂ ಕೋಟೆ ಬಾಗಿಲವರೆಗೂ ಇತ್ತು. ಅದು ಒಂದು ಕಥೆ, ಬಿಡಿ. ಎಣ್ಣೆ ಸಿಕ್ಕಿತು, ಅರ್ಧ ಡಬ್ಬ. ಮುಂದೆ ಪೇಟೆಯಲ್ಲಿ ಪೇಂಟು ಮಾರುವ ಸಾಬರ ಅಂಗಡಿ.

"ಕರಿ ಬಣ್ಣ ಕೊಡಿ ಭಾಯಿ."

"ಕಪ್ಪು ಮಾತ್ರ ಇಲ್ಲ ಅಮ್ಮಾ. ಎಲ್ಲಾ ಲಡಾಯಿಗೆ ಹೋಗ್ಬಿಟ್ಟೈತೆ."

"ಯುದ್ಧಕ್ಕೆ ಕರಿ ಬಣ್ಣ ಯಾಕೆ?"

"ಮೋಟಾರು ದೀಪಕ್ಕೆ ಬಳೀತಾರೆ, ಕಿಟಕಿ ಗಾಜಿಗೆ ಬಳೀತಾರೆ. ವಿಮಾನದೋನಿಗೆ ಬೆಳಕು ಕಾಣಬಾರದು ನೋಡಿ. ಹಸಿರು ಐತೆ, ಕೊಡ್ಲಾ?"

ಹಸಿರು ಆನೆ! ಕಮಲಿಯ ಮುಖ ಕಣ್ಣಮುಂದೆ ಬಂತು. ಬೇಡ ಅಂದೆ.

ಇನ್ನೆಲ್ಲಿ ಕಪ್ಪು? ಕಾಡಿಗೆ ಸಾಲದು. ಹಂಚಿನ ಮಸಿ ಅಂಗೈಯಗಲಕ್ಕೆ ಮುಗಿಯುತ್ತೆ. ಹೀಗೆ ಯೋಚಿಸುತ್ತಾ ಬಸ್‌ಸ್ಟ್ಯಾಂಡಿನ ಹತ್ತಿರ ಬಂದರೆ, ನನ್ನ ಎದುರಿಗೇ ಹೊಗೆ ಉಗುಳುತ್ತಾ ನಿಂತಿದೆ ಇದ್ದಲು ಗ್ಯಾಸಿನ ಬಸ್ಸು! ಪೆಟ್ರೋಲಿಲ್ಲದ ಈ ಕಾಲದಲ್ಲಿ ಬಸ್ಸಿನ ಬೆನ್ನಿಗೆ ಒಂದು ಕಬ್ಬಿಣದ ಒಲೆ ಕಟ್ಟಿ, ಇದ್ದಲು ತುಂಬಿ ಓಡಿಸುತ್ತಾರಲ್ಲ, ಅದೇ. ಕ್ಲೀನರು ಆ ಒಲೆಯ ತಿದಿ ತಿರುಗಿಸುತ್ತಾ ಬೆವರುತ್ತಿದ್ದ.

"ಏನಪ್ಪಾ, ಒಂದು ಹಿಡಿ ಇದ್ದಲು ಪುಡಿ ಕೊಡ್ತೀಯಾ?"

"ಹಲ್ಲುಜ್ಜೋಕಾ ಅಮ್ಮಾ?"

"ಅಲ್ಲಪ್ಪ, ಆನೆಗೆ."

ಅವನು ತಿದಿ ನಿಲ್ಲಿಸಿದ. "ಆನೆಗೂ ಹಲ್ಲುಜ್ಜಿಸ್ತೀರಾ?"

ವಿವರಿಸಲು ಹೊತ್ತಿರಲಿಲ್ಲ. ಹೌದು ಅಂದುಬಿಟ್ಟೆ. ಪಾಪ, ಎರಡು ಹಿಡಿ ಕೊಟ್ಟ. "ದೊಡ್ಡ ಬಾಯಲ್ವಾ" ಅಂದ.

ಪುಡಿಯನ್ನು ಸೆರಗಿನ ತುದಿಗೆ ಗಂಟು ಹಾಕಿ, ಡಬ್ಬ ಎತ್ತಿಕೊಂಡು ಗೆದ್ದವಳ ಹಾಗೆ ಮನೆ ಕಡೆ ನಡೆದೆ. ಮೋಡವಿದ್ದರೂ ಸೆಕೆ. ದಾರಿಯಲ್ಲಿ ಎಲ್ಲರೂ ನನ್ನನ್ನು ನೋಡಿ ನಗುತ್ತಿದ್ದಾರೆ. ಹೂವಿನ ನಂಜಮ್ಮ ನಕ್ಕಳು. ಟೈಲರು ಮಿಷನ್ನು ನಿಲ್ಲಿಸಿ ನಕ್ಕ. ನಮ್ಮೂರ ಜನ ಎಷ್ಟು ಒಳ್ಳೆಯವರು, ಯುದ್ಧದ ಕಷ್ಟದಲ್ಲೂ ಎಂಥಾ ನಗುಮುಖ ಅಂತ ಮನಸ್ಸಿನಲ್ಲೇ ಅಂಕಣದ ಒಂದು ಪ್ಯಾರಾ ಬರೆದುಕೊಂಡೆ.

ಮೂಲೆ ತಿರುಗಿದರೆ ಹೆಡ್‌ಮಿಸ್ಟ್ರೆಸ್ಸಮ್ಮ.

"ಆನೆ ತಲೆ ರೆಡೀನಾ?" ಅಂತ ಕೇಳಿದರು. ದನಿಯಲ್ಲಿ ಮರದ ವಾಸನೆ.

"ನನ್ನ ಮುಖ ನೋಡಿದರೆ ಗೊತ್ತಾಗಲ್ಲವೇ ಮೇಡಂ?" ಅಂದೆ, ಠೀವಿಯಿಂದ.

ಅವರು ನೋಡಿದರು. ಕರ್ಚೀಫು ಬಾಯಿಗೆ ಒತ್ತಿಕೊಂಡು, ಭುಜ ಕುಲುಕಿಸುತ್ತಾ ಹೊರಟುಹೋದರು. ಭುಜ ಕುಲುಕೋದು ಕೂಡ ಒಪ್ಪಿಗೆಯೇ ಇರಬೇಕು ಅಂದುಕೊಂಡೆ.

ನೀವು ಬುದ್ಧಿವಂತರು, ನಿಮಗೆ ತಿಳಿದಿರುತ್ತೆ. ಪುಡಿ ಕಟ್ಟಿದ ಸೆರಗಿನಿಂದಲೇ ದಾರಿಯುದ್ದಕ್ಕೂ ನಾನು ಮುಖದ ಬೆವರು ಒರೆಸಿಕೊಂಡಿದ್ದೆ. ನನಗೆ ತಿಳಿಯಲು ಇನ್ನೂ ಸ್ವಲ್ಪ ಹೊತ್ತಿತ್ತು.

ಮನೆಗೆ ಬಂದರೆ ಹಿತ್ತಲಲ್ಲಿ ನಮ್ಮ ಕರು ಏನೋ ಮೆಲ್ಲುತ್ತಿದೆ. ಬೂದುಬಣ್ಣ. ಬೀಸಣಿಗೆಯಷ್ಟಗಲ. ಮೆಂತ್ಯದ ಘಮ.

"ಕಿವಿ!" ಅಂತ ಕಿರುಚಿದೆ.

ಒಂದು ಕಿವಿ ಆಗಲೇ ಕರುವಿನ ಹೊಟ್ಟೆಗೆ ಹೋಗಿತ್ತು. ಇನ್ನೊಂದನ್ನು ಮೊರದ ಸಮೇತ ಕಿತ್ತುಕೊಂಡೆ. ತಿರುಗಿ ಜಗಲಿ ನೋಡುತ್ತೇನೆ, ತಲೆಯೇ ಇಲ್ಲ! ತಪ್ಪಲೆಯೂ ಇಲ್ಲ!

ನಮ್ಮತ್ತೆ ಕಂಬಕ್ಕೊರಗಿ ಅವರೆಕಾಯಿ ಸುಲಿಯುತ್ತಿದ್ದರು. ಅವರಿಗೆ ಕಣ್ಣು ಸ್ವಲ್ಪ ಮಂಜು. ನನ್ನ ಮುಖ ಸರಿಯಾಗಿ ಕಾಣಲಿಲ್ಲ, ಅಥವಾ ಕಂಡೂ ವ್ಯತ್ಯಾಸ ತಿಳಿಯಲಿಲ್ಲ.

"ಅತ್ತೆ, ಜಗಲಿ ಮೇಲಿದ್ದ ತಪ್ಪಲೆ ಎಲ್ಲಿ?"

"ಪುಟ್ಟತಾಯಿ ಬಂದು ತಗೊಂಡೋದಳು. ಅವಳದೇ ಅಲ್ಲವೇನೇ?"

"ಅದರ ಮೇಲೆ ಆನೆ ಇತ್ತಲ್ಲ!"

"ಆನೆ ಮೊರದಲ್ಲಿತ್ತಲ್ಲವಾ? ಇದಕ್ಕೆ ಬೂದಿ ಮೆತ್ತಿತ್ತು ಕಣೇ. 'ನಿನ್ ಸೊಸೆ ಚಿನ್ನ ಕಣ್ ದೊಡ್ಡಮ್ಮ, ಒಲೆಗೆ ಮಡಗೋಕೆ ಬೂದಿನೂ ಮೆತ್ತಿ ಕೊಡ್ತಾವ್ಳೆ, ಇಂಥಾ ಸೊಸೆ ಯಾರ್ಗೆ ಸಿಕ್ತಾಳೆ' ಅಂದಳು."

ನಾನು ಹಣೆ ಚಚ್ಚಿಕೊಂಡೆ.

ಪಾತ್ರೆಯನ್ನು ಸೌದೆ ಒಲೆಗೆ ಇಡುವ ಮುಂಚೆ ಹೊರಗಡೆ ಬೂದಿಯೋ ಮಣ್ಣೋ ಕಲಸಿ ಬಳಿಯೋದು ನಮ್ಮ ಕಡೆ ಎಲ್ಲರ ಮನೆಯ ವಾಡಿಕೆ. ಮಸಿ ಹಿತ್ತಾಳೆಗೆ ಅಂಟೋದಿಲ್ಲ, ತೊಳೆದರೆ ಥಳಥಳ. ಕೊಟ್ಟ ಪಾತ್ರೆ ಬೆನ್ನ ತುಂಬ ಬೂದುಬಣ್ಣ ಬಳಿದುಕೊಂಡು ಬೋರಲಾಗಿ ಕೂತಿದ್ದರೆ ಯಾವ ಹೆಂಗಸಾದರೂ ಏನು ತಿಳಿಯಬೇಕು? ಆನೆ ಅಂತಲೇ?

"ನೀವಾದರೂ ತಡೀಬಾರದಿತ್ತೇ ಅತ್ತೆ?"

"ನಿನ್ನನ್ನ ಯಾರಾದರೂ ಹೊಗಳೋದು ಅಪರೂಪ. ನಡುವೆ ಬಾಯಿ ಹಾಕೋದು ಬೇಡ ಅಂತ ಸುಮ್ಮನಿದ್ದೆ" ಅಂದರು ನಮ್ಮತ್ತೆ, ಇನ್ನೊಂದು ಅವರೆಕಾಯಿ ಬಿಡಿಸುತ್ತಾ.

ಓಡಿದೆ. ಪುಟ್ಟತಾಯಕ್ಕನ ಹಿತ್ತಲ ಬಾಗಿಲಿಂದಲೇ ನುಗ್ಗಿದೆ. ಅಡಿಗೆಮನೆ ತುಂಬ ಹೊಗೆ. ಹೊಗೆಯಲ್ಲಿ ಹುರಿದ ಮೆಂತ್ಯದ ವಾಸನೆ. ಒಲೆಯ ಮುಂದೆ ಪುಟ್ಟತಾಯಕ್ಕ ಸೌದೆಯ ಮೇಲೆ ಸೌದೆ ತುರುಕುತ್ತಾ ಕೂತಿದ್ದಾಳೆ. ಪಕ್ಕದಲ್ಲಿ ಎರಡು ಹೋಳಾದ ನಿಂಬೆಹಣ್ಣು, ಇಳಿ ತೆಗೆದ ಉಪ್ಪು ಮೆಣಸಿನಕಾಯಿ. ಕಂಬದ ಹತ್ತಿರ ಅವಳ ಮಗಳು ಗೌರಿ. ತುಂಬು ಬಸುರಿ. ಹಸಿರು ಬಳೆ, ಮುಡಿ ತುಂಬ ಸೇವಂತಿಗೆ. ಮುಖ ಮಾತ್ರ ಬಿಳಿಚಿಕೊಂಡಿದೆ.

"ಆನೆ! ಆನೆ!" ಅಂತ ಕೂಗುತ್ತಾ ನಾನು ಒಳಗೆ ಬಂದೆ.

ಪುಟ್ಟತಾಯಕ್ಕ ತಲೆಯೆತ್ತಿ ನೋಡಿದಳು. ಹೊಗೆಯ ನಡುವೆ ಕೆದರಿದ ಕೂದಲು, ಇದ್ದಲಿನ ಮುಖ, ಬರೀ ಕಣ್ಣು ಹಲ್ಲು.

"ಅಯ್ಯಯ್ಯಪ್ಪೋ! ಕಣ್ಣು ಬಿದ್ದೈತೆ ಅಂದ್ಕಂಡ್ರೆ ಖುದ್ದಾಗೇ ಬಂದ್ಬಿಡ್ತಲ್ಲಪ್ಪೋ!" ಅಂತ ಪೊರಕೆ ಎತ್ತಿಕೊಂಡಳು.

"ಅಕ್ಕಾ, ನಾನು! ಜಯಾ!"

"ಜಯ ಆದ್ರೆ ಮಕ ಯಾಕಂಗೈತೆ?"

ಆಗ ಸೆರಗು ನೋಡಿಕೊಂಡೆ. ನಂಜಮ್ಮ, ಟೈಲರು, ಹೆಡ್‌ಮಿಸ್ಟ್ರೆಸ್ಸಮ್ಮ, ಎಲ್ಲರ ನಗುಮುಖಗಳೂ ಸಾಲಾಗಿ ಬಂದು ಕಣ್ಣಮುಂದೆ ನಿಂತವು. ನಾಚಿಕೊಳ್ಳಲು ಪುರುಸೊತ್ತಿರಲಿಲ್ಲ.

ಪುಟ್ಟತಾಯಕ್ಕ ಪೊರಕೆ ಬಿಸಾಕಿ ಅಳಲು ಶುರುಮಾಡಿದಳು. "ಹಾಲು ಉಕ್ಕತಾ ಇಲ್ಲ ಕಣವ್ವ. ಬೆಳಗ್ಗಿಂದ ಒಂದು ಹೊರೆ ಸೌದೆ ಸುಟ್ಟೆ. ಬೆಚ್ಚಗೂ ಆಗ್ತಿಲ್ಲ. ಮಗಳ ಸೀಮಂತದ ದಿನ ಹಾಲು ಉಕ್ಕದಿದ್ರೆ ಏನವ್ವ ಅರ್ಥ? ನಿಂಬೆಹಣ್ಣು ಕುಯ್ದೆ. ದೃಷ್ಟಿ ತೆಗೆದೆ. ಉಹೂಂ. ಬೀಗಿತಿ ಬಂದು ನೋಡಿದ್ರೆ ಏನಂದ್ಕತಾಳೆ? ಈ ಹುಡ್ಗಿ ನೋಡು, ಮಕ ಹೆಂಗೆ ಮಾಡ್ಕಂಡವ್ಳೆ."

ಗೌರಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಆ ತಪ್ಪಲೆಯನ್ನೇ ನೋಡುತ್ತಿದ್ದಳು. ಆ ನೋಟ ನನ್ನಿಂದ ತಡೆಯಲಾಗಲಿಲ್ಲ.

"ಅಕ್ಕಾ, ಹಾಲಿಗೆ ಏನೂ ಆಗಿಲ್ಲ. ನಿನ್ನ ಒಲೆ ಮೇಲೆ ಇರೋದು ನಮ್ಮ ಆನೆ!"

"ಏನು?"

"ಅದು ಬೂದಿ ಅಲ್ಲಕ್ಕ. ಕಾಗದ, ಮೆಂತ್ಯ. ಕಮಲಿ ಡ್ರಾಮಾಕ್ಕೆ ಆನೆ ತಲೆ ಅಚ್ಚು ಹಾಕಿದ್ದೆ, ಹಸಿ ಇತ್ತು. ಬೆರಳು ಗಾತ್ರ ಮಂದ ಇದೆ. ನಡುವೆ ಆನೆ ಕೂತಿದ್ದರೆ ಉರಿ ಹಾಲಿಗೆ ಹೇಗೆ ಹತ್ತುತ್ತೆ?"

ಪುಟ್ಟತಾಯಕ್ಕ ನನ್ನನ್ನು ನೋಡಿದಳು. ತಪ್ಪಲೆಯನ್ನು ನೋಡಿದಳು. ತವರಿನ ತಪ್ಪಲೆ, ಮಗಳ ಸೀಮಂತ, ಬೀಗರು ದಾರಿಯಲ್ಲಿ. ಕೈಗೆ ಪೊರಕೆ ಬೇರೆ ಎಟುಕುವಂತಿದೆ. ಯಾರಾದರೇನು, ಬಾರಿಸದೆ ಬಿಡುತ್ತಾರೆಯೇ?

ಅವಳು ಹಾಗೇ ನೆಲದ ಮೇಲೆ ಕೂತಳು. ಕೂತು ನಗಲು ಶುರುಮಾಡಿದಳು. ಕಣ್ಣಲ್ಲಿ ನೀರು, ಬಾಯಲ್ಲಿ ನಗು.

"ಗೌರೀ! ಕೇಳ್ದೇನೇ ಮಗಳೇ? ಆನೆ ಕಣೇ! ದೃಷ್ಟಿನೂ ಅಲ್ಲ, ಗಾಳಿನೂ ಅಲ್ಲ. ಬರೀ ಆನೆ ಕಣೇ!"

ಗೌರಿಯ ಮುಖಕ್ಕೆ ಬಣ್ಣ ಬಂದದ್ದನ್ನು ನಾನು ನೋಡಿದೆ. ಮೊದಲು ಕೆನ್ನೆಗೆ, ಆಮೇಲೆ ಕಿವಿಗೆ. ಸೆರಗು ಬಾಯಿಗೆ ಅಡ್ಡ ಹಿಡಿದು ಅವಳೂ ನಗತೊಡಗಿದಳು. ನಕ್ಕೂ ನಕ್ಕೂ, "ಅವ್ವಾ, ಸಾಕು, ಮಗ ಒದೀತೈತೆ" ಅಂದಳು.

ಅಷ್ಟರಲ್ಲಿ ಬೀದಿಯ ಕಡೆಯಿಂದ ಯಾರೋ ಕೂಗಿದರು, ಹೊಸಕೋಟೆ ಬಸ್ಸು ಬಂತು ಅಂತ. ಬೀಗರು!

ನಗು ನಿಂತಿತು. ಪಾಯಸ ಆಗಬೇಕು. ಪಾಯಸ ಆಗಬೇಕಾದರೆ ಆನೆ ಹೋಗಬೇಕು. ಪುಟ್ಟತಾಯಕ್ಕ ಹಾಲನ್ನು ಬಿಂದಿಗೆಗೆ ಬಗ್ಗಿಸಿ, ತಪ್ಪಲೆಯನ್ನು ನೆಲದ ಮೇಲೆ ಬೋರಲು ಹಾಕಿ, ಒನಕೆ ಎತ್ತಿಕೊಂಡಳು.

"ಒಡೆದುಬಿಡಕ್ಕ" ಅಂದೆ. ಇನ್ನೇನು ಮಾಡಲಿ? ತಪ್ಪಲೆ ಅವಳದು, ದಿನ ಅವಳ ಮಗಳದು.

"ಅಮ್ಮ, ತಲೆ ಆಯ್ತಾ?"

ಬಾಗಿಲಲ್ಲಿ ಕಮಲಿ. ಸ್ಕೂಲಿಂದ ತಲೆ ತೆಗೆದುಕೊಂಡು ಹೋಗಲು ಬಂದಿದ್ದಾಳೆ. ಮೈಗೆ ಆಗಲೇ ಅವರಪ್ಪನ ಹಳೇ ಕರಿ ಕೋಟು, ಹಿಂದೆ ಹಗ್ಗದ ಬಾಲ. ಆನೆಯಾಗಲು ಕುತ್ತಿಗೆಯವರೆಗೂ ಸಿದ್ಧ. ಮೇಲೆ ಮಾತ್ರ ಇನ್ನೂ ಕಮಲಿ.

ಅವಳು ಒನಕೆ ನೋಡಿದಳು. ಹಗ್ಗದ ಬಾಲವನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು, ಅಷ್ಟೇ.

ಪುಟ್ಟತಾಯಕ್ಕ ಒನಕೆ ಗೋಡೆಗೆ ಒರಗಿಸಿದಳು. "ಇರು ಮಗ" ಅಂದಳು. "ಬೀಗ್ರು ಕಾಲು ತೊಳ್ಕಳ್ಳೋವಷ್ಟು ಹೊತ್ತು ಐತಲ್ಲ."

ಅಂಚಿನ ಸುತ್ತ ತುಪ್ಪ ಬಿಟ್ಟಳು. (ಸೀಮಂತದ ತುಪ್ಪ! ಈ ಕಾಲದಲ್ಲಿ!) ದೋಸೆ ಎಬ್ಬಿಸುವ ಸಟ್ಟುಗವನ್ನು ಅಂಚಿಗೆ ಮೆಲ್ಲಗೆ ತೂರಿಸಿ, ಕಾವಲಿಯಿಂದ ಮೊದಲ ದೋಸೆ ಎಬ್ಬಿಸುವ ಹಾಗೆ ಸುತ್ತಲೂ ಬಿಡಿಸಿಕೊಂಡು ಬಂದಳು. ನಾವು ಮೂವರೂ ಉಸಿರು ಬಿಡಲಿಲ್ಲ. ಬಸುರಿ ಗೌರಿಯೂ ಸೇರಿ. ಸಟ್ಟುಗದ ಹಿಂಬದಿಯಿಂದ ಒಂದು ಸಣ್ಣ ಏಟು.

ಟಪ್!

ಕೊಬ್ಬರಿ ಗಿಟುಕು ಚಿಪ್ಪಿಂದ ಜಾರಿದ ಹಾಗೆ ಆನೆ ಇಡಿಯಾಗಿ ಜಾರಿ ಬಂತು. ಒಣಗಿ ಕಟ್ಟಿಗೆಯಷ್ಟು ಗಟ್ಟಿ. ಹೊರಗೆ ಕಾಡಾನೆಯಷ್ಟು ಕಪ್ಪು! ಯಾವ ಕರಿಗಾಗಿ ನಾನು ಊರೆಲ್ಲ ಅಲೆದು, ಸಾಬರ ಹತ್ತಿರ ಲಡಾಯಿ ವರದಿ ಕೇಳಿ, ಸ್ವಂತ ಮುಖಕ್ಕೇ ಬಳಿದುಕೊಂಡು ಬಂದಿದ್ದೆನೋ, ಆ ಕರಿಯನ್ನು ಪುಟ್ಟತಾಯಕ್ಕನ ಒಲೆ ಪುಕ್ಕಟೆ ಹಚ್ಚಿ ಕೊಟ್ಟಿತ್ತು. ವಾರವೆಲ್ಲ ಬಾರದ ಬಿಸಿಲು ಮಾಡದ ಕೆಲಸವೂ ಆಗಿತ್ತು.

ನೆತ್ತಿಯ ಮೇಲೆ ಮಾತ್ರ ಸುಟ್ಟು ತೂತು ಬಿದ್ದಿತ್ತು. ಪುಟ್ಟತಾಯಕ್ಕ ಎಲೆಗೆ ಬಡಿಸಲು ಸುಲಿದಿದ್ದ ಚಕ್ಕೋತದ ಅರ್ಧ ಸಿಪ್ಪೆಯನ್ನು ಎತ್ತಿ ಅದರ ಮೇಲೆ ಬೋರಲು ಹಾಕಿದಳು. ಪಟ್ಟದಾನೆಗೆ ಕಿರೀಟ.

ತಪ್ಪಲೆ ಮತ್ತೆ ಒಲೆಗೇರಿತು, ಈ ಸಲ ನಿಜವಾದ ಬೂದಿ ಬಳಿದುಕೊಂಡು. ಕಾದಿದ್ದ ಒಲೆ ನೋಡಿ. ಕಣ್ಣು ಮಿಟುಕಿಸುವಷ್ಟರಲ್ಲಿ ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಅಷ್ಟು ಹಾಲು ಚೆಲ್ಲಿದ್ದಕ್ಕೆ ಯಾರಾದರೂ ಅಷ್ಟು ಸಂತೋಷಪಟ್ಟದ್ದನ್ನು ನಾನು ಕಂಡಿಲ್ಲ.

ಮನೆಗೆ ಓಡಿ ಆನೆಯನ್ನು ಜೋಡಿಸಿದೆವು. ಕಣ್ಣಿಗೆ ಎರಡು ತೂತು ಕೊರೆದು, ಉಳಿದಿದ್ದ ಕಿವಿಯನ್ನು ಎಡಕ್ಕೆ ಹೊಲಿದೆ. ಬಲಕ್ಕೆ ನಮ್ಮತ್ತೆಯ ತಾಳೆಗರಿ ಬೀಸಣಿಗೆ. ಸೊಂಡಿಲಿನಿಂದ ಊದುಗೊಳವೆ ಎಳೆದರೆ ಬರಲಿಲ್ಲ. ತುಪ್ಪ ನಮ್ಮನೆಯಲ್ಲಿರಲಿಲ್ಲ. ಹಾಗೇ ಕಟ್ಟಿದೆ. ನಮ್ಮತ್ತೆ, "ಬೀಸಣಿಗೆ ಹೋಯ್ತು, ಊದುಗೊಳವೆ ಹೋಯ್ತು, ಇನ್ನು ನನ್ನನ್ನೂ ಬಾಲಕ್ಕೆ ಕಟ್ಕೊಂಡು ಹೋಗಿ" ಅಂದರು. ಅಂದವರೇ ಸೀರೆ ಬದಲಾಯಿಸಿಕೊಂಡು ಎಲ್ಲರಿಗಿಂತ ಮುಂದೆ ಹೊರಟರು.

ಸ್ಕೂಲಿನ ಜಗಲಿಯೇ ಸ್ಟೇಜು. ಕೆಳಗೆ ಅಂಗಳದಲ್ಲಿ ಜಮಖಾನ. ನೋಡಿದರೆ ಪುಟ್ಟತಾಯಕ್ಕ ಇಡೀ ಸೀಮಂತವನ್ನೇ ಎಬ್ಬಿಸಿಕೊಂಡು ಬಂದಿದ್ದಾಳೆ! ಸಮೇತನಹಳ್ಳಿಯ ಬೀಗರು ಎಲೆಅಡಿಕೆ ಜಗಿಯುತ್ತಾ ಮುಂದಿನ ಸಾಲಿನಲ್ಲಿ. ನಡುವೆ ಗೌರಿ.

ಬೀಗಿತಿ ನನ್ನ ಕಡೆ ಬಾಗಿ ಪಿಸುಗುಟ್ಟಿದರು: "ಪಾಯಸ ಅದೇನು ಘಮ ಅಂತೀರಿ! ಏನಾಕವ್ರೆ ಅಂತ ಕೇಳಿದ್ರೆ, ನಮ್ ತವರಿನ ಪದ್ಧತಿ, ಹೇಳೋಂಗಿಲ್ಲ ಅಂತಾರೆ."

(ಸಮೇತನಹಳ್ಳಿ ಕಡೆ ಮುಂದೆ ಯಾರಾದರೂ ಪಾಯಸಕ್ಕೆ ಮೆಂತ್ಯದ ಹೊಗೆ ಹಾಕಿದರೆ ಹೊಣೆ ನನ್ನದು.)

ಪರದೆ ಎದ್ದಿತು. ರಾಜನಾಗಬೇಕಾದವಳು ನಮ್ಮೂರಿನ ದೊಡ್ಡ ಸಾಹೇಬರೊಬ್ಬರ ಮಗಳು. ನಿಜವಾದ ಜರಿ ಪೇಟ ಕಟ್ಟಿಕೊಂಡು, ಕೊರಳನ್ನು ಮೊದಲೇ ಮುಂದಕ್ಕೆ ಚಾಚಿಕೊಂಡು ಬಡವನ ವೇಷದಲ್ಲಿ ನಿಂತಿದ್ದಳು. ಹಿಂದೆ ಮರಗಳು.

ಆನೆ ಬಂತು.

ಒಂದು ಕಿವಿ ಗಟ್ಟಿ, ಇನ್ನೊಂದು ಕಿವಿ ತಾನೇ ಬೀಸಿಕೊಳ್ಳುತ್ತಿತ್ತು. ತಲೆ ಮೇಲೆ ಚಕ್ಕೋತ. ಜನ ನಗಲು ಬಾಯಿ ತೆರೆದರು. ಅಷ್ಟರಲ್ಲಿ ಒಳಗಿದ್ದ ಊದುಗೊಳವೆಗೆ ಬಾಯಿಟ್ಟು ಕಮಲಿ ಊದಿದಳು ನೋಡಿ!

ಭೋಂ!

ಮಾತಿಲ್ಲದ ಪಾರ್ಟು ಅಂದವರು ಯಾರು? ಒಂದು ಮರ ಹೆದರಿ ಸೊಪ್ಪು ಬಿಸಾಕಿತು. ಅಂಗಳ ಪೂರ್ತಿ ಚಪ್ಪಾಳೆ. ನಮ್ಮತ್ತೆ ಪಕ್ಕದವರಿಗೆಲ್ಲ, "ಅದು ನನ್ನ ಊದುಗೊಳವೆ, ನನ್ನದು" ಅಂತ ಹೇಳುತ್ತಿದ್ದರು.

ಆನೆ ಸೊಂಡಿಲಲ್ಲಿ ಹಾರ ಹಿಡಿದು ಜರಿ ಪೇಟದ ಮುಂದೆ ಬಂತು. ನಿಂತಿತು. ಕೊರಳು ಇನ್ನಷ್ಟು ಮುಂದೆ ಬಂತು.

ಆನೆ ಅವಳನ್ನು ದಾಟಿ ಹೋಯಿತು.

ಹೆಡ್‌ಮಿಸ್ಟ್ರೆಸ್ಸಮ್ಮ ಪರದೆಯ ಪಕ್ಕದಿಂದ, "ಈ ಕಡೆ! ಈ ಕಡೆ!" ಅಂತ ಕೈ ಬೀಸುತ್ತಿದ್ದಾರೆ. ಆನೆ ಜಗಲಿಯ ಮೆಟ್ಟಿಲಿಳಿಯಿತು. ಜಮಖಾನದ ಮೇಲೆ ನಡೆಯಿತು. ಅಯ್ಯೋ, ಮಗುವಿಗೆ ಕಣ್ಣು ಕಾಣುತ್ತಿಲ್ಲ, ಕಣ್ಣಿನ ತೂತು ಸಣ್ಣದಾಯಿತು ಅಂತ ನಾನು ಏಳುವಷ್ಟರಲ್ಲಿ, ಆನೆ ಗೌರಿಯ ಮುಂದೆ ನಿಂತು, ಬಗ್ಗಿ, ಸೇವಂತಿಗೆ ಹಾರವನ್ನು ಅವಳ ಕೊರಳಿಗೆ ಹಾಕಿಬಿಟ್ಟಿತು.

ಬೀಗಿತಿ ಎರಡೂ ಕೈಯಿಂದ ಗೌರಿಯ ಕೆನ್ನೆ ನೀವಿ ನೆಟಿಕೆ ಮುರಿದರು. "ಪಟ್ಟದಾನೇನೇ ಬಂದು ಹಾರ ಹಾಕ್ತಲ್ಲವ್ವ! ಇನ್ನೇನು ಬೇಕು ನಮ್ಗೆ!" ಪುಟ್ಟತಾಯಕ್ಕ ಮತ್ತೆ ಅಳುತ್ತಿದ್ದಳು. ಬೆಳಗಿನ ಅಳು ಅಲ್ಲ. ಗೌರಿಯ ಮುಖದಲ್ಲಿ ಬೆಳಗಿನ ಆ ನೋಟದ ಗುರುತೂ ಉಳಿದಿರಲಿಲ್ಲ.

ಸ್ಟೇಜಿನ ಮೇಲೆ ಜರಿ ಪೇಟ ಬಿಕ್ಕುತ್ತಿತ್ತು. ಹೆಡ್‌ಮಿಸ್ಟ್ರೆಸ್ಸಮ್ಮ ಇನ್ನೊಂದು ಹಾರ ಹುಡುಕಿ ತಂದು ಹಾಕಿ, ಹೇಗೋ ಪಟ್ಟ ಕಟ್ಟಿ ಪರದೆ ಎಳೆದರು.

ಮನೆಗೆ ಬರುವ ದಾರಿಯಲ್ಲಿ ಕಮಲಿಯ ತಲೆಯಿಂದ ಆನೆ ತೆಗೆದೆ. ಕೆನ್ನೆಯ ತುಂಬ ಮಸಿ. ಎಷ್ಟು ಉಜ್ಜಿದರೂ ನನ್ನ ಮುಖದ ಇದ್ದಲು ಪೂರ್ತಿ ಹೋಗಿರಲಿಲ್ಲ; ಈಗ ತಾಯಿ ಮಗಳು ಒಂದೇ ಬಣ್ಣ.

"ಪಾಪ, ಕಣ್ಣು ಕಾಣಲಿಲ್ಲವೇನೇ?" ಅಂದೆ.

"ಚೆನ್ನಾಗಿ ಕಾಣ್ತಿತ್ತು."

"ಮತ್ತೆ? ಯಾರಿಗೆ ಹಾಕಬೇಕು ಅಂತ ದಿನಾ ಹೇಳಿಕೊಟ್ಟಿದ್ದರಲ್ಲ?"

ಅವಳು ಸೊಂಡಿಲು ಹೆಗಲ ಮೇಲೆ ಹಾಕಿಕೊಂಡು ನಡೆಯುತ್ತಲೇ ಕೇಳಿದಳು:

"ರಾಜ ಯಾರು ಅಂತ ಮೊದಲೇ ಗೊತ್ತಿದ್ಮೇಲೆ ಆನೆ ಯಾಕಮ್ಮ ಬೇಕಿತ್ತು?"